ಎಂಟಡಿ ಹಾಲ್, ಮೂರು ಸೀಟಿನ ಸೋಫಾ: ನಮ್ಮ ಮನೆಗಳಿಗೆ ಸಾಮಾನು ಬಂದ ಕಥೆ

ಈ ಸಲ ರಾಜರಿಲ್ಲ, ಯುದ್ಧ ಇಲ್ಲ. ನಮ್ಮ ಮನೆಯ ಒಂದು ಟೀಪಾಯಿಯಿಂದ ಶುರು ಮಾಡ್ತೀನಿ.

ಹೋದ ವರ್ಷ ಅಮ್ಮನಿಗೆ ಮಂಡಿ ಆಪರೇಷನ್ ಆಯ್ತು. ಅಪ್ಪ ಇಲ್ಲ, ಅಕ್ಕ ಇರೋದು ಪುಣೆಯಲ್ಲಿ. ಹಾಗಾಗಿ ತಿಪಟೂರಿನಿಂದ ಅಮ್ಮನನ್ನ ಬೆಂಗಳೂರಿಗೆ ನನ್ನ ಬಾಡಿಗೆ ಮನೆಗೆ ಕರ್ಕೊಂಡು ಬಂದೆ. ಇಪ್ಪತ್ತು-ಮೂವತ್ತು ಸೈಟು, ಅದರ ನೆಲಮಹಡಿ, ಒಂದು ಬೆಡ್‌ರೂಮು. ರೂಮನ್ನ ಅಮ್ಮನಿಗೆ ಬಿಟ್ಟುಕೊಟ್ಟೆ, ನಾನು ಹಾಲಲ್ಲಿ ಸೋಫಾ ಮೇಲೆ. ಬಾತ್‌ರೂಮಿನ ಬಾಗಿಲು ಇರೋದು ಹಾಲಿಗೆ. ಅಂದ್ರೆ ರಾತ್ರಿ ಎದ್ದರೆ ಅಮ್ಮ ಹಾಲಿಗೆ ಬಂದೇ ಹೋಗಬೇಕು.

ಬಂದ ಮೂರನೇ ರಾತ್ರಿ ಧಡ್ ಅಂತ ಶಬ್ದ. ನನ್ನ ನಿದ್ದೆ ಕೆಡತ್ತೆ ಅಂತ ಅಮ್ಮ ಲೈಟ್ ಹಾಕಿರಲಿಲ್ಲ. ಟೀಪಾಯಿಯ ಮೂಲೆ ಆಪರೇಷನ್ ಆದ ಕಾಲಿಗೇ ತಗುಲಿತ್ತು. ಬೀಳೋದ್ರಲ್ಲಿ ಟಿವಿ ಸ್ಟ್ಯಾಂಡ್ ಹಿಡ್ಕೊಂಡಿದ್ದಾರೆ, ಟಿವಿ ಓಲಾಡ್ತಿದೆ. ಬೀಳಲಿಲ್ಲ, ಪುಣ್ಯ. ಬೆಳಿಗ್ಗೆ ಕಾಫಿ ಕುಡೀತಾ ಅಂದ್ರು: "ನಿನ್ ಮನೇಲಿ ಸಾಮಾನೆಲ್ಲ ಆರಾಮಾಗಿ ಕೂತಿದೆ ಕಣೋ. ಮನುಷ್ಯರು ಮಾತ್ರ ಅಡ್ಡಾದಿಡ್ಡಿ ತಿರುಗ್ಬೇಕು."

ಅವತ್ತು ಟೇಪ್ ತಗೊಂಡು ಅಳೆದೆ. ಹಾಲ್ ಎಂಟಡಿ ಅಗಲ, ಹದಿನಾಲ್ಕು ಅಡಿ ಉದ್ದ. ನಾಲ್ಕು ಬಾಗಿಲು. ಈ ತುದಿಗೆ ಮುಂಬಾಗಿಲು, ಆ ತುದಿಗೆ ಅಡುಗೆಮನೆ, ಎಡಗೋಡೆಗೆ ರೂಮು ಮತ್ತು ಬಾತ್‌ರೂಮು. ಆ ಎರಡು ಬಾಗಿಲಿನ ಮಧ್ಯೆ ಸಿಕ್ಕಿದ ಗೋಡೆಗೆ ಟಿವಿ ಸ್ಟ್ಯಾಂಡ್. ಟಿವಿ ಅಲ್ಲಿದೆ ಅಂದ್ಮೇಲೆ ಸೋಫಾ ಎದುರಿಗೇ ಇರಬೇಕಲ್ಲ, ಬಲಗೋಡೆಗೆ ಸೋಫಾ. ಸೋಫಾ ಇದೆ ಅಂದ್ಮೇಲೆ ಟೀಪಾಯಿ ಬೇಕಲ್ಲ. ಸೋಫಾಕ್ಕೆ ಮೂರಡಿ ಹತ್ತಿರ, ಸ್ಟ್ಯಾಂಡಿಗೆ ಒಂದೂವರೆ, ಟೀಪಾಯಿಗೆ ಒಂದೂಮುಕ್ಕಾಲು. ಉಳಿದಿದ್ದು ಆ ಕಡೆ ಒಂದಡಿ, ಈ ಕಡೆ ಒಂದಡಿಗಿಂತ ಕಡಿಮೆ. ಎಪ್ಪತ್ತರ ಹತ್ತಿರದ ಹೆಂಗಸು, ವಾಕರ್ ಬಿಟ್ಟು ಇನ್ನೂ ವಾರ ಆಗಿಲ್ಲ, ಕತ್ತಲಲ್ಲಿ ಒಂದಡಿ ಸಂದಿನಲ್ಲಿ ನಡೀಬೇಕು.

ಈ ಮನೆ ಕಟ್ಟಿದವರನ್ನ ಮೊದಲು ಬೈಕೊಂಡೆ. ಆಮೇಲೆ ಅನುಮಾನ ಬಂತು. ಸೋಫಾ ತಂದವನು ನಾನು. ಯಾಕೆ ತಂದೆ? ಹಾಲ್ ಅಂದ್ರೆ ಸೋಫಾ ಅಂತ ನನಗೆ ಹೇಳಿಕೊಟ್ಟವರು ಯಾರು?

ಮೊದಲು ಪದಗಳನ್ನ ನೋಡೋಣ. ಫರ್ನಿಚರ್‌ಗೆ ಕನ್ನಡದಲ್ಲಿ ಪೀಠೋಪಕರಣ ಅಂತಾರೆ. ಯಾರ ಮನೆಯಲ್ಲಿ ಅಂತಾರೆ ಅಂತ ಮಾತ್ರ ಕೇಳಬೇಡಿ. ಟೆಂಡರ್ ನೋಟಿಸ್‌ನಲ್ಲಿ ಅಂತಾರೆ. ಮನೇಲಿ ನಾವು ಸಾಮಾನು ಅಂತೀವಿ, ಅದೂ ಪಾರ್ಸಿ ಕಡೆಯಿಂದ ಬಂದಿದ್ದು. ಮೇಜು ಪಾರ್ಸಿಯದು. ಕುರ್ಚಿ ಅರಬ್ಬಿ ಮೂಲದ್ದು. ಅಲಮಾರು ಪೋರ್ಚುಗೀಸರು ಇಳಿಸಿ ಹೋಗಿದ್ದು. ಬೀರು ಇಂಗ್ಲಿಷಿನ ಬ್ಯೂರೋ. ಸೋಫಾ ಅರಬ್ಬಿಯಲ್ಲಿ ಹುಟ್ಟಿ, ಯೂರೋಪ್ ಸುತ್ತಾಡಿ, ನಮ್ಮಲ್ಲಿಗೆ ಬಂದ ಪದ. ಆ ಟೀಪಾಯಿಗಂತೂ ಟೀಗೂ ಸಂಬಂಧವೇ ಇಲ್ಲ. ಹಿಂದಿಯ ತಿಪಾಯಿ ಅದು, ಮೂರು ಕಾಲಿನದ್ದು ಅಂತ ಅರ್ಥ. ಇಂಗ್ಲಿಷರ ಬಾಯಲ್ಲಿ ಟೀಪಾಯ್ ಆಗಿ, ಅದರ ಮೇಲೆ ಟೀ ಇಟ್ಟು, ನಮಗೆ ವಾಪಸ್ ಕೊಟ್ಟರು.

ಈಗ ನಮ್ಮದೇ ಪದಗಳು: ಮಣೆ, ಚಾಪೆ, ಹಾಸಿಗೆ, ತೊಟ್ಟಿಲು, ಗೂಟ, ಗೂಡು, ಅಟ್ಟ, ನೆಲುವು. ಏನಾದ್ರೂ ಹೊಳೀತಾ? ಇವುಗಳಲ್ಲಿ ಅರ್ಧದಷ್ಟು ಎತ್ತಿಡುವಂಥವು, ಸುತ್ತಿಡುವಂಥವು. ಮಿಕ್ಕವು ಗೋಡೆಯ ಒಳಗೆ ಅಥವಾ ತಲೆಯ ಮೇಲೆ ಇರುವಂಥವು. ನೆಲದ ಮಧ್ಯೆ ಹಗಲೂ ರಾತ್ರಿ ಕಾಲೂರಿ ನಿಲ್ಲೋದು ಇದರಲ್ಲಿ ಒಂದೂ ಇಲ್ಲ. ಮಂಚ ಇತ್ತು ನಿಜ, ಆದರೆ ಮನೆಗೆ ಒಂದೋ ಎರಡೋ, ಹಿರಿಯರಿಗೆ ಅಥವಾ ಬಾಣಂತಿಗೆ.

ಅಪ್ಪನ ಊರಿನ ಮನೆ ತೊಟ್ಟಿ ಮನೆ. ಅಲ್ಲಿ ಲಿವಿಂಗ್ ರೂಮ್ ಯಾವುದು ಅಂತ ಕೇಳಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಜಗಲಿ, ಪಡಸಾಲೆ, ನಡುಮನೆ, ಇವೆಲ್ಲ ಜಾಗ ಎಲ್ಲಿದೆ ಅನ್ನೋದನ್ನ ಹೇಳೋ ಹೆಸರುಗಳು. ಅಲ್ಲಿ ಏನು ಮಾಡಬೇಕು ಅಂತ ಹೆಸರು ಹೇಳಲ್ಲ. ನಡುಮನೇಲಿ ಬೆಳಿಗ್ಗೆ ಊಟಕ್ಕೆ ಮಣೆ ಹಾಕಿದ್ರೆ ಊಟದ ಮನೆ, ಮಧ್ಯಾಹ್ನ ಚಾಪೆ ಬಿಡಿಸಿದ್ರೆ ಮಲಗೋ ಮನೆ, ಸಂಜೆ ಜಮಖಾನ ಹಾಸಿದ್ರೆ ಹೆಣ್ಣು ನೋಡೋ ಮನೆ. ಸುತ್ತಿಟ್ಟ ಕೂಡಲೇ ಖಾಲಿ. ಜಪಾನಿನವರು ಇದನ್ನೇ ಇನ್ನೂ ಶಿಸ್ತಾಗಿ ಮಾಡಿದ್ರು. ಸುಮಾರು ಮೂರಡಿ-ಆರಡಿಯ ತತಾಮಿ ಚಾಪೆ, ರೂಮು ಎಷ್ಟು ದೊಡ್ಡದು ಅಂದ್ರೆ ಇಷ್ಟು ಚಾಪೆಯದು ಅನ್ನೋ ಲೆಕ್ಕ. ಹಾಸಿಗೆ ಬೆಳಿಗ್ಗೆ ಮಡಚಿ ಗೋಡೆಯೊಳಗಿನ ಕಪಾಟಿಗೆ.

ಇಷ್ಟು ಹೇಳಿ ಆಹಾ ನಮ್ಮ ಹಿರಿಯರು ಅಂತ ಮುಗಿಸಿಬಿಡಬಹುದಿತ್ತು. ಅಮ್ಮ ಬಿಡಲಿಲ್ಲ.

ಅಮ್ಮ ಹುಟ್ಟಿದ್ದು, ಬೆಳೆದಿದ್ದು ಬೆಂಗಳೂರಿನ ಚಾಮರಾಜಪೇಟೆಯ ಒಂದು ವಠಾರದಲ್ಲಿ. ಒಂದು ಚಿಕ್ಕ ಹಿನ್ನೆಲೆ ಕೊಡ್ತೀನಿ. ಚಾಮರಾಜಪೇಟೆ ಬಡಾವಣೆ ಆಗಿದ್ದು 1892ರಲ್ಲಿ, ಹಳೇ ಪೇಟೆಯ ಹೊರಗೆ ಗೆರೆ ಎಳೆದು ಮಾಡಿದ ರಸ್ತೆಗಳು. 1898ರಲ್ಲಿ ಪ್ಲೇಗ್ ಬಂತು. ಇಕ್ಕಟ್ಟಿನ, ಗಾಳಿ-ಬೆಳಕಿಲ್ಲದ ಪೇಟೆ ಮನೆಗಳಲ್ಲಿ ಜನ ಸತ್ತರು, ಸಾವಿರಾರು ಜನ ಊರು ಬಿಟ್ಟರು. ಆಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೇಗ ಬೇಗ ಎದ್ದವು. ಅಗಲ ರಸ್ತೆ, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಎರಡು ಮನೆ ಮಧ್ಯೆ ಜಾಗ. ಆ ಹೊಸ ಬಡಾವಣೆಗಳ ದೊಡ್ಡ ಸೈಟುಗಳು ಎಲ್ಲರ ಕೈಗೆ ಎಟುಕುವಂಥವಲ್ಲ. ಗುಮಾಸ್ತರು, ಮೇಷ್ಟ್ರುಗಳು, ಮಿಲ್ಲಿನವರು, ಆಮೇಲೆ ಕಾರ್ಖಾನೆ ಕೆಲಸಕ್ಕೆ ಬಂದವರು, ಇವರಿಗೆಲ್ಲ ಬಾಡಿಗೆ ಮನೆ ಬೇಕು. ಸೈಟಿನ ಮಾಲೀಕರು ಒಂದೇ ಸೈಟಿನಲ್ಲಿ ಸಾಲು ಮನೆ ಕಟ್ಟಿದ್ರು. ಮಧ್ಯೆ ಅಂಗಳ, ಎಲ್ಲರಿಗೂ ಒಂದು ನಲ್ಲಿ, ತುದಿಗೆ ಕಕ್ಕಸು. ಅದು ವಠಾರ.

ಅಮ್ಮನ ಮನೆ ಒಂದು ರೂಮು, ಒಂದು ಅಡುಗೆಮನೆ. ಒಂಬತ್ತು ಜನ. ನಾನು ಕೇಳಿದೆ, ಸಾಮಾನು ಏನಿತ್ತು ಅಂತ. ಅಮ್ಮ ಬೆರಳೆಣಿಸಿದ್ರು. ತಾತನದ್ದು ಒಂದು ಮಡಚೋ ಕುರ್ಚಿ, ಎರಡು ಟ್ರಂಕು, ಗೋಡೆಗೆ ಗೂಟ, ಮೇಲೆ ಹಲಗೆ. ಹಾಸಿಗೆಗಳನ್ನ ಸುತ್ತಿ ಟ್ರಂಕಿನ ಮೇಲೆ ಪೇರಿಸಿ, ಮೇಲೊಂದು ಬೆಡ್‌ಶೀಟ್ ಹೊದಿಸಿದ್ರೆ ಅದೇ ಸೋಫಾ. ಬಂದವರು ಒರಗಿ ಕೂರೋರು. ರಾತ್ರಿ ಯಾರು ಎಲ್ಲಿ ಮಲಗಬೇಕು ಅಂತ ನಿಗದಿ ಇತ್ತು, ಬಾಗಿಲ ಹತ್ತಿರ ದೊಡ್ಡಮಾವ, ಯಾಕಂದ್ರೆ ಬೆಳಿಗ್ಗೆ ನೀರು ಹಿಡಿಯೋಕೆ ಮೊದಲು ಏಳೋದು ಅವರು.

"ಚೆನ್ನಾಗಿತ್ತಲ್ಲಮ್ಮ?" ಅಂದೆ.

"ಏನ್ ಚೆನ್ನಾಗಿತ್ತು? ಐದು ಗಂಟೆಗೆ ಎದ್ದು ಒಂಬತ್ತು ಹಾಸಿಗೆ ಸುತ್ತೋಳು ಯಾರು? ನಾನೂ ನಮ್ಮಮ್ಮನೂ. ಗಂಡಸ್ರು ಎದ್ದು ಮುಖ ತೊಳ್ಕೊಳಕ್ಕೆ ಹೋಗೋರು."

ಇದನ್ನ ನಾನು ಯಾವ ವಾಸ್ತುಶಿಲ್ಪದ ಪುಸ್ತಕದಲ್ಲೂ ಇಷ್ಟು ನೇರವಾಗಿ ಓದಿಲ್ಲ. ಒಂದೇ ರೂಮು ನಾಲ್ಕು ರೂಮಾಗೋ ಆ ಜಾದು ಹೆಂಗಸರ ಬೆನ್ನಿನ ಮೇಲೆ ನಡೀತಿತ್ತು. ಮಂಚ, ಸೋಫಾ, ಡೈನಿಂಗ್ ಟೇಬಲ್ ಬಂದಾಗ ಅಮ್ಮನ ತಲೆಮಾರಿನವರು ಯಾಕೆ ಅಷ್ಟು ಖುಷಿಪಟ್ಟರು ಅಂತ ಆವಾಗ ಅರ್ಥ ಆಯ್ತು. ಅದು ಬರೀ ಶೋಕಿ ಆಗಿರಲಿಲ್ಲ. ಹಾಕಿಟ್ಟ ಮಂಚವನ್ನ ಯಾರೂ ಸುತ್ತಬೇಕಾಗಿಲ್ಲ.

ಸಾಮಾನು ಬಂತು ಸರಿ, ಅದಕ್ಕೆ ತಕ್ಕ ಮನೆ ಬಂತಾ? ಅಲ್ಲೇ ಎಡವಟ್ಟಾಗಿದ್ದು.

1945ರಲ್ಲಿ ಬೆಂಗಳೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. 1976ರಲ್ಲಿ ಅದರ ಜಾಗಕ್ಕೆ ಬಿಡಿಎ. ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತು, ನಲವತ್ತು-ಅರವತ್ತು, ಈ ಸಂಖ್ಯೆಗಳು ಬೆಂಗಳೂರಿನವರ ಬಾಯಲ್ಲಿ ಮಗ್ಗಿಯ ಹಾಗೆ ಕೂತುಬಿಟ್ಟವು. ಒಂದು ಕುಟುಂಬಕ್ಕೆ ಅಂತ ಅಳೆದ ಸೈಟಿನ ಮೇಲೆ ಬಾಡಿಗೆ ಆಸೆಗೆ ಮೂರು ಮಹಡಿ, ನಾಲ್ಕು ಮಹಡಿ ಎದ್ದವು. ಇಪ್ಪತ್ತಡಿ ಅಗಲದಲ್ಲಿ ಮೇಲಿನವರ ಮೆಟ್ಟಿಲಿಗೆ ಮೂರಡಿ ಹೋಯ್ತು, ಗೋಡೆಗಳಿಗೆ ಎರಡಡಿ. ಉಳಿದ ಹದಿನೈದರಲ್ಲಿ ಎಂಟು ಹಾಲಿಗೆ, ಏಳು ರೂಮಿಗೆ. ನೋಡಿ, ನನ್ನ ಮನೆ ಹುಟ್ಟಿತು!

ಬಾಗಿಲುಗಳು? ಅವು ವಾಸ್ತು ನೋಡಿ ಇಟ್ಟವು. ಅಡುಗೆಮನೆ ಆಗ್ನೇಯಕ್ಕೆ ಅಂದ್ರೆ ಆಗ್ನೇಯಕ್ಕೆ. ಬಾತ್‌ರೂಮು ಮೇಲಿನ ಮಹಡಿಯ ಪೈಪು ಎಲ್ಲಿ ಇಳಿಯತ್ತೋ ಅಲ್ಲಿ. ಇದೆಲ್ಲ ಆದಮೇಲೆ ಮಿಕ್ಕಿದ್ದು ಹಾಲ್. ಹಾಲ್ ಅನ್ನೋದನ್ನ ಯಾರೂ ಪ್ಲಾನ್ ಮಾಡಲಿಲ್ಲ, ಉಳಿಕೆ ಅದು. ಪ್ಲಾನ್ ಹಾಳೆಯಲ್ಲಿ ಗೋಡೆ ಇತ್ತು, ಬಾಗಿಲಿತ್ತು, ಕಿಟಕಿ ಇತ್ತು. ಮಂಚ ಇರಲಿಲ್ಲ, ಸೋಫಾ ಇರಲಿಲ್ಲ, ಅದರ ಮಧ್ಯೆ ನಡೆಯೋ ಅಮ್ಮ ಇರಲಿಲ್ಲ.

ಇದನ್ನೆಲ್ಲ ಹಾಳೆಯ ಮೇಲೆ ಬರೆದವರು ಯಾರೂ ಇಲ್ವಾ? ಇದ್ದಾರೆ. ಅದಕ್ಕೆ ಬೆಂಗಳೂರು ಬಿಟ್ಟು ನೂರು ವರ್ಷದ ಹಿಂದಿನ ಜರ್ಮನಿಗೆ ಹೋಗಬೇಕು.

ಮೊದಲ ಮಹಾಯುದ್ಧ ಮುಗಿದಿತ್ತು. ಮನೆ ಇಲ್ಲದವರ ಸಂಖ್ಯೆ ದೊಡ್ಡದು, ದುಡ್ಡು ಕಡಿಮೆ. ಚಿಕ್ಕ ಮನೆ ಕಟ್ಟಲೇಬೇಕು. ಬರ್ಲಿನ್‌ನಲ್ಲಿ ಅಲೆಕ್ಸಾಂಡರ್ ಕ್ಲೈನ್ ಅಂತ ಒಬ್ಬ ವಾಸ್ತುಶಿಲ್ಪಿ, ರಷ್ಯಾ ಮೂಲದವರು, 1928ರಲ್ಲಿ ಒಂದು ಸರಳ ಕೆಲಸ ಮಾಡಿದ್ರು. ಆಗ ಎಲ್ಲರೂ ಕಟ್ಟುತ್ತಿದ್ದಂಥ ಮನೆಯ ಪ್ಲಾನ್ ಒಂದು, ತಾವು ಮಾಡಿದ ಪ್ಲಾನ್ ಒಂದು, ಪಕ್ಕಪಕ್ಕ ಇಟ್ಟರು. ಎರಡರ ಮೇಲೂ ಮನೆಯವರು ನಡೆಯೋ ದಾರಿಯನ್ನ ಗೆರೆ ಎಳೆದರು. ಮಂಚದಿಂದ ಬಾತ್‌ರೂಮಿಗೆ, ಒಲೆಯಿಂದ ಊಟದ ಮೇಜಿಗೆ. ಹಳೇ ಪ್ಲಾನಿನಲ್ಲಿ ಗೆರೆಗಳು ಒಂದರ ಮೇಲೊಂದು ಹಾದು ನೂಲುಂಡೆ ಬಿಚ್ಚಿದ ಹಾಗೆ ಸಿಕ್ಕಾಗಿದ್ದವು. ಅವರದ್ದರಲ್ಲಿ ಗೆರೆಗಳು ಒಂದನ್ನೊಂದು ಮುಟ್ಟುತ್ತಿರಲಿಲ್ಲ. ಮನೇಲಿ ಜನ ಒಬ್ಬರಿಗೊಬ್ಬರು ತಗುಲದೇ ಬದುಕಬಹುದು ಅನ್ನೋದು ಅವರ ವಾದ. ನನ್ನ ಕೇಳಿದ್ರೆ ಅದು ಸ್ವಲ್ಪ ಅತಿ. ಅಣ್ಣ-ತಂಗಿ ಬಾಗಿಲಲ್ಲಿ ಡಿಕ್ಕಿ ಹೊಡೆದು ಜಗಳ ಆಡದ ಮನೆ ಮನೆಯೇ? ಆದರೆ ಗೆರೆ ಎಳೆಯೋ ಉಪಾಯ ಮಾತ್ರ ಬಂಗಾರ.

ಅದಕ್ಕೆ ಎರಡು ವರ್ಷ ಮುಂಚೆ, 1926ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ ಮಾರ್ಗರೆಟೆ ಶೂಟ್ಟೆ-ಲಿಹೋಟ್ಸ್ಕಿ ಅಡುಗೆಮನೆಯನ್ನ ಹಿಡಿದಿದ್ದರು. ವಿಯೆನ್ನಾದಲ್ಲಿ ಓದಿದವರು, ಆಸ್ಟ್ರಿಯಾದ ಮೊದಮೊದಲ ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಒಬ್ಬರು. ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಅಡುಗೆಮನೆಯ ಹೆಜ್ಜೆಗಳನ್ನ ಎಣಿಸಿ ಬರೆದ ಪುಸ್ತಕ ಓದಿದ್ದರು. ರೈಲಿನ ಊಟದ ಬೋಗಿಯ ಅಡುಗೆಮನೆ ನೋಡಿದ್ದರು, ಅಷ್ಟು ಸಣ್ಣ ಜಾಗದಲ್ಲಿ ಎಷ್ಟೊಂದು ಜನಕ್ಕೆ ಊಟ ಬರತ್ತೆ ಅಂತ. ಅವರು ಮಾಡಿದ ಅಡುಗೆಮನೆ ಅಗಲ 1.9 ಮೀಟರ್, ಉದ್ದ 3.4 ಮೀಟರ್. ಅಂದ್ರೆ ಆರೂಕಾಲಡಿ, ಹನ್ನೊಂದಡಿ. ಗೋಡೆಯಿಂದ ಇಳಿಸೋ ಇಸ್ತ್ರಿ ಹಲಗೆ, ಜಾರೋ ಬಾಗಿಲು, ಅಕ್ಕಿಯಂಥವಕ್ಕೆ ಹೆಸರು ಬರೆದ ಅಲ್ಯೂಮಿನಿಯಂ ಡ್ರಾಗಳು. ಸುಮಾರು 10,000 ಮನೆಗಳಿಗೆ ಹಾಕಿದ್ರು. ಇವತ್ತು ಮಾಡ್ಯುಲರ್ ಕಿಚನ್ ಅಂತ ಲಕ್ಷಗಟ್ಟಲೆ ಕೊಟ್ಟು ಹಾಕಿಸ್ತೀವಲ್ಲ, ಅದರ ಅಜ್ಜಿ ಇದು. ತಮಾಷೆ ಅಂದ್ರೆ, ಇದನ್ನ ಮಾಡೋ ತನಕ ತಾನು ಅಡುಗೆ ಮಾಡಿದವಳೇ ಅಲ್ಲ ಅಂತ ಆಕೆ ವಯಸ್ಸಾದ ಮೇಲೆ ಒಪ್ಪಿಕೊಂಡಿದ್ದರು.

ಅದಕ್ಕೂ ತಕರಾರು ಬಂತು. ಆ ಅಗಲದಲ್ಲಿ ಒಬ್ಬರೇ ನಿಲ್ಲಬಹುದು. ಹೆಂಗಸು ಒಳಗೆ ಒಬ್ಬಳೇ, ಮಿಕ್ಕವರೆಲ್ಲ ಹೊರಗೆ. ಕೆಲಸ ಹಗುರಾಯ್ತು, ಜೊತೆ ಹೋಯ್ತು. ಅಮ್ಮನಿಗೆ ಫೋಟೋ ತೋರಿಸಿದೆ. ಕನ್ನಡಕ ಹಾಕ್ಕೊಂಡು ನೋಡಿ, "ಡ್ರಾ ಚೆನ್ನಾಗಿದೆ. ಆದ್ರೆ ಸೊಪ್ಪು ಬಿಡಿಸೋಕೆ ಪಕ್ಕದಲ್ಲಿ ಯಾರಾದ್ರೂ ಕೂರ್ಬೇಕಲ್ಲ?" ಅಂದ್ರು. ಆ ಕಾಲದ ವಿಮರ್ಶಕರದ್ದೂ ಹೆಚ್ಚು ಕಡಿಮೆ ಇದೇ ಮಾತು.

ಇನ್ನೊಂದು ನಿಲ್ದಾಣ ಇದೆ, ಬ್ರಿಟನ್. ಬೇಗ ಮುಗಿಸ್ತೀನಿ. 1961ರಲ್ಲಿ ಪಾರ್ಕರ್ ಮಾರಿಸ್ ಅನ್ನೋರ ಸಮಿತಿ ಮನೆಗಳ ಬಗ್ಗೆ ವರದಿ ಕೊಟ್ಟಿತು. ಅದರ ತಿರುಳು ಇಷ್ಟು: ರೂಮು ಇಷ್ಟು ಚದರಡಿ ಅಂತ ಹೇಳಿ ಕೈ ತೊಳ್ಕೋಬೇಡಿ. ಅಲ್ಲಿ ಜನ ಏನು ಮಾಡ್ತಾರೆ, ಯಾವ ಸಾಮಾನು ಇಡ್ತಾರೆ, ಆ ಸಾಮಾನು ಬಳಸೋಕೆ ಮುಂದೆ ಎಷ್ಟು ಜಾಗ ಬೇಕು, ಅದನ್ನ ನೋಡಿ. ಪ್ಲಾನಿನ ಮೇಲೆ ಮಂಚ, ಮೇಜು ಬರೆದು ತೋರಿಸಿ. ಈ ಕೊನೇ ಮಾತು ಓದಿದಾಗ ಕುರ್ಚಿಯಿಂದ ಎದ್ದು ನಿಂತೆ. 1960ರ ದಶಕದ ಕೊನೆಗೆ ಸರ್ಕಾರ ಕಟ್ಟೋ ಮನೆಗಳಿಗೆ ಇದು ಕಡ್ಡಾಯ ಆಯ್ತು. 1980ರಲ್ಲಿ ದುಬಾರಿ ಆಯ್ತು ಅಂತ ತೆಗೆದುಹಾಕಿದರು.

ನಮ್ಮಲ್ಲೂ ನಿಯಮ ಇದೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಮೊದಲು ಬಂದಿದ್ದು 1970ರಲ್ಲಿ. ವಾಸದ ರೂಮು ಒಂದೇ ಇದ್ದರೆ ಕನಿಷ್ಠ 9.5 ಚದರ ಮೀಟರ್, ಅಗಲ 2.4 ಮೀಟರ್. ಎರಡು ರೂಮಿದ್ದರೆ ಎರಡನೆಯದು 7.5 ಚದರ ಮೀಟರ್ ಇರಬಹುದು ಅನ್ನತ್ತೆ. ನನ್ನ ಹಾಲಿನ ಎಂಟಡಿ ಅಂದ್ರೆ 2.44 ಮೀಟರ್. ಕೂದಲೆಳೆಯಲ್ಲಿ ಪಾಸು. ಏಳಡಿ-ಹತ್ತಡಿ ರೂಮು 6.5 ಚದರ ಮೀಟರ್, ಅದು ಫೇಲು. ಆದರೆ ಆ ಅಳತೆಗಳು ಖಾಲಿ ರೂಮಿನದ್ದು. ಹಾಲ್ ಪಾಸಾಗಿತ್ತು, ಅಮ್ಮ ಎಡವಿದ್ದು ಅದೇ ಹಾಲಿನಲ್ಲಿ.

ಸರಿ, ವಾಪಸ್ ಮನೆಗೆ.

ಒಂದು ಭಾನುವಾರ ಸೀಮೆಸುಣ್ಣ ತಂದು ಕ್ಲೈನ್ ಮಾಡಿದ್ದನ್ನ ನೆಲದ ಮೇಲೇ ಮಾಡಿದೆ. ಅಮ್ಮ ನಡೆದರು, ಹಿಂದೆ ನಾನು ಬಗ್ಗಿ ಗೆರೆ ಎಳೆದೆ. ಮಂಚದಿಂದ ಬಾತ್‌ರೂಮು. ಮಂಚದಿಂದ ಅಡುಗೆಮನೆ. ಅಡುಗೆಮನೆಯಿಂದ ಮುಂಬಾಗಿಲು, ಹಾಲಿನವನು ಬಂದಾಗ. ಎಲ್ಲ ಗೆರೆಯೂ ಎಡಗೋಡೆ ಪಕ್ಕದಲ್ಲೇ ಹೋಗ್ತಿದ್ದವು, ಯಾಕಂದ್ರೆ ಬಾಗಿಲುಗಳು ಅಲ್ಲೇ ಇರೋದು. ಸರಿಯಾಗಿ ಅದೇ ಗೋಡೆಗೆ ನಾನು ಟಿವಿ ಸ್ಟ್ಯಾಂಡ್ ಇಟ್ಟಿದ್ದೆ. ದಾರಿಯಲ್ಲಿ ಸ್ಟ್ಯಾಂಡ್ ನಿಂತು ಅಮ್ಮನನ್ನ ಟೀಪಾಯಿ ಕಡೆಗೆ ತಳ್ಳುತ್ತಿತ್ತು. ಎರಡು ವರ್ಷ ಆ ಮನೇಲಿದ್ದೀನಿ, ಗಮನಿಸಿರಲಿಲ್ಲ. ನನ್ನ ಮಂಡಿ ಚೆನ್ನಾಗಿತ್ತಲ್ಲ.

ಟಿವಿ ಅಡುಗೆಮನೆ ಬಾಗಿಲ ಪಕ್ಕದ ಚಿಕ್ಕ ಗೋಡೆಗೆ ಹೋಯ್ತು. ಕಿಟಕಿ ಬೆಳಕು ಬಿದ್ದು ಹಗಲಲ್ಲಿ ಮಸುಕು ಕಾಣತ್ತೆ, ಇರಲಿ. ರೂಮಿನಲ್ಲಿ ಐದಡಿ ಅಗಲದ ಡಬಲ್ ಕಾಟ್ ಇತ್ತು, ಏಳಡಿ ರೂಮಿನಲ್ಲಿ. ಬೀರು ತೆಗೀಬೇಕಾದ್ರೆ ಮುಂದೆ ನಿಲ್ಲೋಕೆ ಜಾಗ ಇಲ್ಲ, ಮಂಚದ ಮೇಲೆ ಮಂಡಿಯೂರಬೇಕು. ಮಂಡಿ ಆಪರೇಷನ್ ಆದವರು! ಪಾರ್ಕರ್ ಮಾರಿಸ್ ಸಮಿತಿ ಹೇಳಿದ್ದು ಇದನ್ನೇ. ಅದನ್ನ ಕೊಟ್ಟು ಮೂರಡಿ ಅಗಲದ ಸಿಂಗಲ್ ಕಾಟ್ ತಂದೆ. ಈಗ ಬದಿಯಲ್ಲಿ ನಾಲ್ಕಡಿ ಸಿಕ್ಕಿ, ಬೀರುವನ್ನ ಅಮ್ಮ ನಿಂತುಕೊಂಡೇ ತೆಗೆಯೋ ಹಾಗೆ ತಿರುಗಿಸಿದೆವು.

ಸೋಫಾ ಮಾರೋಕೆ ಮಾತ್ರ ಅಮ್ಮ ಒಪ್ಪಲಿಲ್ಲ. "ಯಾರಾದ್ರೂ ಬಂದ್ರೆ ಎಲ್ಲಿ ಕೂರ್ತಾರೆ?" ಅಂತ. ಟ್ರಂಕಿನ ಮೇಲೆ ಸುತ್ತಿಟ್ಟ ಹಾಸಿಗೆಗೆ ಒರಗಿ ಕೂತ ನೆಂಟರನ್ನ ಕಂಡ ಅಮ್ಮನೇ ಈ ಮಾತು ಹೇಳಿದ್ದು. ವಾದ ಎರಡು ವಾರ ನಡೀತು. ಕೊನೆಗೆ 28,000ಕ್ಕೆ ತಂದಿದ್ದ ಸೋಫಾ 4,500ಕ್ಕೆ ಹೋಯ್ತು. ಅದರ ಜಾಗಕ್ಕೆ ಎರಡೂವರೆ ಅಡಿ ಅಗಲದ ದಿವಾನ್, ಕೆಳಗೆ ಪೆಟ್ಟಿಗೆ ಇರೋದು. ರಾತ್ರಿ ನನ್ನ ಮಂಚ, ಹಗಲು ನೆಂಟರ ಕುರ್ಚಿ. ಅಮ್ಮನ ಒಂದೇ ಷರತ್ತು: ಬೆಳಿಗ್ಗೆ ಎದ್ದು ಹಾಸಿಗೆ ಸುತ್ತಿ ಪೆಟ್ಟಿಗೆಗೆ ಹಾಕೋದು ನಾನೇ, ಅವರಲ್ಲ.

ಮೊದಲ ವಾರ ಆರೂವರೆಗೆ ಬಾಗಿಲಲ್ಲಿ ಬಂದು ನಿಂತು, ಸುತ್ತಿದ್ದೀನಾ ಅಂತ ನೋಡೋರು. ಈಗ ನೋಡೋಕೆ ಬರಲ್ಲ. ರಾತ್ರಿ ಎರಡಕ್ಕೋ ಮೂರಕ್ಕೋ ಎಚ್ಚರ ಆದ್ರೆ ಅಮ್ಮನ ಚಪ್ಪಲಿ ಸದ್ದು ಎಡಗೋಡೆಯ ಉದ್ದಕ್ಕೂ ನಿಲ್ಲದೆ ಹೋಗೋದು ಕೇಳತ್ತೆ, ಆಮೇಲೆ ಬಾತ್‌ರೂಮಿನ ಚಿಲಕ.

ಟೀಪಾಯಿ ಹೊರಗೆ ಮೆಟ್ಟಿಲ ಕೆಳಗಿದೆ. ಅದರ ಮೇಲೆ ಅಮ್ಮ ತುಳಸಿ ಕುಂಡ ಇಟ್ಟಿದ್ದಾರೆ. ಮೇಲಿನ ಮನೆಯವರು ದಾರಿಗೆ ಅಡ್ಡ ಆಗತ್ತೆ ಅಂತ ನಿನ್ನೆ ಹೇಳಿ ಹೋದ್ರು.